ಪರಮಶೈತ್ಯದಲ್ಲಿ ಪ್ರಕೃತಿಯ ಪರೀಕ್ಷೆ

ಸುದ್ದಿಗೆ ಮೊದಲು ರೇಡಿಯೋದಲ್ಲಿ ಸಮಯಸೂಚಕ ನಾದ ಕೇಳಿಬಂದೊಡನೆ ಕೈಗಡಿಯಾರದ ಮುಳ್ಳನ್ನು ತಿದ್ದಿಕೊಳ್ಳುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿ ಉಂಟು. ಗೋಡೆಯ ಗಡಿಯಾರ ತಪ್ಪಬಹುದು, ರೇಡಿಯೋ ತಪ್ಪಲಾರದು ಎಂಬುದು ನಮ್ಮ ನಂಬಿಕೆ. ಈ ನಂಬಿಕೆಗೆ ಆಧಾರವಿಲ್ಲದಿಲ್ಲ. ಭಾರತದ ಕಾಲಮಾನವನ್ನು ಕಾಯುವ ಹೊಣೆ ಹೊಸದೆಹಲಿಯ ರಾಷ್ಟ್ರೀಯ ಭೌತವಿಜ್ಞಾನ ಪ್ರಯೋಗಶಾಲೆಯದು. ಅಲ್ಲಿ ಕಾಲವನ್ನು ಎಣಿಸುವುದು ಲೋಲಕವಲ್ಲ, ಉಕ್ಕಿನ ಸುರುಳಿಯಲ್ಲ. ಸೀಸಿಯಂ ಎಂಬ ಲೋಹದ ಪರಮಾಣುಗಳು. ನಾವು ರೇಡಿಯೋವನ್ನು ಕೇಳಿ ಗಡಿಯಾರವನ್ನು ತಿದ್ದಿಕೊಳ್ಳುತ್ತೇವೆ. ದೇಶದ ಕಾಲವನ್ನು ಪರಮಾಣುವನ್ನು ನೋಡಿ ತಿದ್ದುತ್ತಾರೆ. ಹಾಗಾದರೆ ಪರಮಾಣುವನ್ನು ಯಾವುದನ್ನು ನೋಡಿ ತಿದ್ದುವುದು? ಅದೇ ಮೆಲ್ಲಮೆಲ್ಲನೆ ತಪ್ಪುತ್ತ ನಡೆದಿದ್ದರೆ ನಮಗೆ ತಿಳಿಯುವ ಬಗೆ ಯಾವುದು?

ಮಕ್ಕಳು ಕೇಳುವ ಪ್ರಶ್ನೆಯಂತೆ ಇದು ತೋರಬಹುದು. ಆದರೆ ಬಹು ದೊಡ್ಡವರೊಬ್ಬರು ಇಂಥದೇ ಪ್ರಶ್ನೆಯನ್ನು ಕೇಳಿದ್ದರು. ೧೯೩೭ರಲ್ಲಿ ಇಂಗ್ಲೆಂಡಿನ ಪಾಲ್ ಡಿರಾಕ್ ಎಂಬ ವಿಜ್ಞಾನಿ, ಗುರುತ್ವಾಕರ್ಷಣೆಯ ಬಲವನ್ನು ತಿಳಿಸುವ ಸಂಖ್ಯೆ ವಿಶ್ವಕ್ಕೆ ವಯಸ್ಸಾದಂತೆಲ್ಲ ಕುಗ್ಗುತ್ತ ಬರುತ್ತಿರಬಹುದೆಂದು ಸೂಚಿಸಿದರು. ಭೌತವಿಜ್ಞಾನದಲ್ಲಿ ಹೀಗೆ ಕೆಲವು ಸಂಖ್ಯೆಗಳಿವೆ. ಅವನ್ನು ಯಾವ ಸಿದ್ಧಾಂತವೂ ನಮಗೆ ಕೊಡುವುದಿಲ್ಲ, ಅಳೆದೇ ತಿಳಿಯಬೇಕು. ಅವುಗಳಿಗೆ ಸ್ಥಿರಾಂಕಗಳೆಂದು ಹೆಸರು. ೧೯೧೬ರಲ್ಲಿ ಜರ್ಮನಿಯ ಸೊಮರ್‌ಫೆಲ್ಡ್ ಅಂಥ ಇನ್ನೊಂದು ಸಂಖ್ಯೆಯನ್ನು ವಿಜ್ಞಾನಕ್ಕೆ ಪರಿಚಯ ಮಾಡಿಕೊಟ್ಟಿದ್ದರು. ಬೆಳಕೂ ಎಲೆಕ್ಟ್ರಾನೂ ಎಷ್ಟು ಬಿಗಿಯಾಗಿ ಒಂದನ್ನೊಂದು ಹಿಡಿಯುತ್ತವೆ ಎಂಬುದರ ಅಳತೆ ಅದು. ಸುಮಾರು ೧೩೭ರಲ್ಲಿ ಒಂದು ಪಾಲು. ಪರಮಾಣುವಿನ ಗಾತ್ರ, ಸುಣ್ಣದ ಬಿಳುಪು, ಬೆಂಕಿಯ ಕಾವು, ನಮ್ಮ ದೇಹದ ರಸಾಯನಕ್ರಿಯೆ ಎಲ್ಲವೂ ಈ ಸಂಖ್ಯೆಯನ್ನು ನೆಚ್ಚಿಕೊಂಡಿವೆ. ಇವು ‘ಸ್ಥಿರ’ ಎಂದು ಹೆಸರಿಟ್ಟವರು ನಾವು. ಪ್ರಕೃತಿ ಆ ಹೆಸರನ್ನು ಒಪ್ಪಿದೆಯೆ?

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಪರಮಾಣುವಿನ ಕಂಪನವನ್ನು ಬಹಳ ನಯವಾಗಿ ಎಣಿಸಬೇಕು. ಎಣಿಸಹೊರಟವರಿಗೆ ಎದುರಾದ ಶತ್ರು ಉಷ್ಣ. ಬೀದಿಯಲ್ಲಿ ಓಡುತ್ತಿರುವ ಮಗುವಿನ ನಾಡಿಯನ್ನು ವೈದ್ಯರು ಎಣಿಸಬಲ್ಲರೆ? ಮೊದಲು ಅದನ್ನು ಹಿಡಿದು ಕೂರಿಸಬೇಕು. ನಾವು ಕುಳಿತಿರುವ ಕೋಣೆಯ ಶಾಖದಲ್ಲಿ ಗಾಳಿಯ ಕಣಗಳು ಸೆಕೆಂಡಿಗೆ ಸುಮಾರು ೫೦೦ ಮೀಟರು ವೇಗದಲ್ಲಿ ದಿಕ್ಕುಗೆಟ್ಟು ಓಡಾಡುತ್ತಿರುತ್ತವೆ. ಹತ್ತಿರ ಬರುವ ರೈಲಿನ ಸಿಳ್ಳು ಏರಿದ ಶ್ರುತಿಯಲ್ಲಿಯೂ ದೂರ ಹೋಗುವ ರೈಲಿನದು ಇಳಿದ ಶ್ರುತಿಯಲ್ಲಿಯೂ ಕೇಳುವುದನ್ನು ನೀವು ಗಮನಿಸಿರಬಹುದು. ಓಡುವ ಪರಮಾಣುವಿನ ಕಂಪನವೂ ಹಾಗೆಯೇ ಏರಿಳಿದು ಕಾಣುತ್ತದೆ. ಅದು ನಮ್ಮ ಕಣ್ಣೆದುರು ನಿಲ್ಲುವ ಹೊತ್ತೂ ಅತ್ಯಲ್ಪ. ಆದ್ದರಿಂದ ಪರಮಾಣುವನ್ನು ನಿಲ್ಲಿಸಬೇಕು. ಎಂದರೆ ತಣ್ಣಗೆ ಮಾಡಬೇಕು. ಕಣಗಳ ಓಟವೇ ಶಾಖ, ಅವು ನಿಂತಷ್ಟೂ ಶೈತ್ಯ.

ಶೈತ್ಯಕ್ಕೆ ಒಂದು ಎಲ್ಲೆಯಿದೆ. ಸೆಂಟಿಗ್ರೇಡ್ ಮಾನದಲ್ಲಿ ಸೊನ್ನೆಗಿಂತ ೨೭೩.೧೫ ಡಿಗ್ರಿ ಕೆಳಗೆ, ಅದರಿಂದಾಚೆಗೆ ಶೈತ್ಯವೆಂಬುದಿಲ್ಲ. ಇದೇ ನಿರಪೇಕ್ಷ ಶೂನ್ಯ. ೧೯೦೮ರ ಜುಲೈ ೧೦ರಂದು ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಆನೆಸ್ ಎಂಬವರು ಹೀಲಿಯಂ ಅನಿಲವನ್ನು ದ್ರವವಾಗಿಸಿ ಆ ಎಲ್ಲೆಗೆ ಸುಮಾರು ನಾಲ್ಕು ಡಿಗ್ರಿಗಳಷ್ಟು ಹತ್ತಿರ ಹೋದರು. ಅದು ದೊಡ್ಡ ಸಾಧನೆಯೇ ಸರಿ. ಆದರೆ ಬಿಡಿ ಪರಮಾಣುಗಳನ್ನು ಎಣಿಸಬೇಕೆನ್ನುವವರಿಗೆ ಅದು ಸಾಲದು. ಲೋಹದ ಆವಿಯನ್ನು ಹಾಗೆ ತಣ್ಣಗೆ ಮಾಡಹೋದರೆ ಅದು ಪಾತ್ರೆಯ ಗೋಡೆಗೆ ಅಂಟಿ ಗಟ್ಟಿಯಾಗಿಬಿಡುತ್ತದೆ. ಪಾತ್ರೆಯನ್ನು ಮುಟ್ಟಿಸದೆ, ಒಂದಕ್ಕೊಂದು ಅಂಟಿಸದೆ, ಶೂನ್ಯದಲ್ಲಿ ತೂಗುಹಾಕಿ ತಣಿಸಬೇಕು. ಅದಕ್ಕೆ ದಾರಿ ಸಿಗಲು ಮುಂದೆ ಎಂಟು ದಶಕಗಳು ಹಿಡಿದವು.

ಆ ದಾರಿ ಸಿಗುವ ಬಹಳ ಮೊದಲೇ, ದಾರಿಯ ಕೊನೆಯಲ್ಲಿ ಏನಿದೆ ಎಂಬುದರ ಸುಳಿವು ನಮ್ಮ ದೇಶದಿಂದ ಹೊರಟಿತು. ೧೯೨೪ರ ಜೂನ್ ೪ರಂದು ಢಾಕಾ ವಿಶ್ವವಿದ್ಯಾನಿಲಯದ ಅಧ್ಯಾಪಕರಾದ ಸತ್ಯೇಂದ್ರನಾಥ ಬೋಸರು ಐನ್‌ಸ್ಟೈನರಿಗೆ ಒಂದು ಪತ್ರ ಬರೆದು, ಅದರೊಡನೆ ತಮ್ಮ ಚಿಕ್ಕ ಪ್ರಬಂಧವನ್ನಿಟ್ಟು ಕಳುಹಿಸಿದರು. ಆಗ ಬೋಸರಿಗೆ ಮೂವತ್ತು ವರ್ಷ. ಬೆಳಕಿನ ಕಣಗಳನ್ನು ಎಣಿಸುವ ಹೊಸ ಬಗೆಯೊಂದನ್ನು ಅವರು ಅದರಲ್ಲಿ ಹೇಳಿದ್ದರು. ಎರಡು ನಾಣ್ಯಗಳನ್ನು ಚಿಮ್ಮಿರಿ. ಎರಡೂ ತಲೆ, ಎರಡೂ ಬಾಲ, ಮೊದಲನೆಯದು ತಲೆ ಎರಡನೆಯದು ಬಾಲ, ಮೊದಲನೆಯದು ಬಾಲ ಎರಡನೆಯದು ತಲೆ. ಹೀಗೆ ನಾಲ್ಕು ಬಗೆ. ಆದರೆ ‘ಮೊದಲನೆಯದು’, ‘ಎರಡನೆಯದು’ ಎಂದು ಹೇಳಲು ಯಾವ ಗುರುತೂ ಇಲ್ಲದಷ್ಟು ನಾಣ್ಯಗಳು ಒಂದೇ ಆಗಿದ್ದರೆ? ಆಗ ಕೊನೆಯೆರಡು ಬಗೆ ಒಂದೇ ಆಗಿ, ಉಳಿಯುವುದು ಮೂರೇ ಬಗೆ. ಎರಡೂ ಒಂದೇ ಮುಖ ತೋರುವ ಸಂಭವ ಅರ್ಧದಿಂದ ಮೂರರಲ್ಲಿ ಎರಡಕ್ಕೆ ಏರುತ್ತದೆ. ಬೆಳಕಿನ ಕಣಗಳು ಇಂಥ ನಾಣ್ಯಗಳೆಂದರು ಬೋಸರು. ಅವುಗಳಿಗೆ ಒಟ್ಟಿಗೆ ಸೇರುವ ಒಲವು.

ಐನ್‌ಸ್ಟೈನರು ಆ ಪ್ರಬಂಧವನ್ನು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚುಮಾಡಿಸಿದರು. ಅಷ್ಟಕ್ಕೇ ನಿಲ್ಲದೆ ಅದೇ ಎಣಿಕೆಯನ್ನು ಪರಮಾಣುಗಳಿಗೂ ಹಚ್ಚಿ ನೋಡಿ, ೧೯೨೫ರಲ್ಲಿ ಒಂದು ವಿಚಿತ್ರ ಫಲವನ್ನು ಹೊರತಂದರು. ಸಾಕಷ್ಟು ತಣ್ಣಗಾದರೆ ಪರಮಾಣುಗಳು ತಮ್ಮ ತಮ್ಮ ಪ್ರತ್ಯೇಕತೆಯನ್ನು ಬಿಟ್ಟು ಒಂದೇ ಸ್ಥಿತಿಗೆ ಇಳಿದುಬಿಡುತ್ತವೆ. ಹಲವು ಕಂಠಗಳು ಒಂದೇ ಶ್ರುತಿಯಲ್ಲಿ ಬೆರೆತು ಯಾರ ದನಿ ಯಾವುದೆಂದು ತಿಳಿಯದಂತಾಗುವ ಹಾಗೆ. ಸಾಕಷ್ಟು ತಣ್ಣಗೆ ಎಂದರೆ ಎಷ್ಟು? ಆ ಕಾಲದವರು ಕನಸಿನಲ್ಲಿಯೂ ಕಾಣದಷ್ಟು. ಆದ್ದರಿಂದ ಈ ಭವಿಷ್ಯವಾಣಿ ಬಹುಕಾಲ ಪುಸ್ತಕದಲ್ಲಿಯೇ ಉಳಿಯಿತು.

ಈ ಮಧ್ಯೆ ಗಡಿಯಾರದವರು ತಮ್ಮ ದಾರಿಯಲ್ಲಿ ನಡೆದಿದ್ದರು. ೧೯೫೫ರಲ್ಲಿ ಇಂಗ್ಲೆಂಡಿನ ಎಸೆನ್ ಮತ್ತು ಪ್ಯಾರಿ ಎಂಬವರು ನಂಬಿಕೆಗೆ ತಕ್ಕ ಮೊದಲ ಸೀಸಿಯಂ ಗಡಿಯಾರವನ್ನು ನಡೆಸಿದರು. ೧೯೬೭ರಲ್ಲಿ ರಾಷ್ಟ್ರಗಳೆಲ್ಲ ಸೇರಿ, ಸೆಕೆಂಡೆಂದರೆ ಭೂಮಿಯ ತಿರುಗಾಟದ ಪಾಲಲ್ಲ, ಸೀಸಿಯಂ ಪರಮಾಣುವಿನ ೯೧೯ ಕೋಟಿ ೨೬ ಲಕ್ಷ ೩೧ ಸಾವಿರದ ೭೭೦ ಕಂಪನಗಳ ಕಾಲ ಎಂದು ಗೊತ್ತುಮಾಡಿದವು. ಈ ಗಡಿಯಾರಗಳಲ್ಲಿ ಪರಮಾಣುಗಳು ಬಿಸಿಯಾದ ಒಲೆಯಿಂದ ಹೊರಟು ಉಪಕರಣದ ಉದ್ದಕ್ಕೂ ಹಾರಿಹೋಗುತ್ತಿದ್ದವು. ಅವನ್ನು ನೋಡಲು ಸಿಗುತ್ತಿದ್ದುದು ಕ್ಷಣದ ಅಲ್ಪ ಭಾಗ.

೧೯೫೦ರ ದಶಕದಲ್ಲಿ ಅಮೆರಿಕದ ಜರಾಲ್ಡ್ ಜಕರಾಯಸ್ ಎಂಬವರಿಗೆ ಒಂದು ಸೊಗಸಾದ ಯೋಚನೆ ಹೊಳೆಯಿತು. ಪರಮಾಣುಗಳನ್ನು ಅಡ್ಡಲಾಗಿ ಹಾರಿಸುವ ಬದಲು ಕಾರಂಜಿಯಂತೆ ಮೇಲಕ್ಕೆ ಚಿಮ್ಮಿಸೋಣ. ನಿಧಾನವಾದವು ಒಂದಷ್ಟು ಎತ್ತರ ಹೋಗಿ ತಿರುಗಿ ಬೀಳುತ್ತವೆ. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ನೋಡಿದರೆ ಎಣಿಸಲು ಬೇಕಾದಷ್ಟು ಕಾಲ ಸಿಗುತ್ತದೆ. ಅವರು ಎತ್ತರದ ಕೊಳವೆಯನ್ನು ಕಟ್ಟಿ ಕಾದರು. ಒಂದು ಪರಮಾಣುವೂ ತಿರುಗಿ ಬರಲಿಲ್ಲ. ಕಾರಣ ತಿಳಿದಾಗ ವಿಷಾದವೇ ಆಯಿತು: ಒಲೆಯಿಂದ ಹೊರಟ ನಿಧಾನದ ಪರಮಾಣುಗಳನ್ನು ಹಿಂದಿನಿಂದ ಬಂದ ವೇಗದವು ಗುದ್ದಿ ಚೆದರಿಸಿಬಿಡುತ್ತಿದ್ದವು. ಜಾತ್ರೆಯ ನೂಕುನುಗ್ಗಲಿನಲ್ಲಿ ಮುದುಕರು ಮುಂದೆ ಹೋಗಲಾರದ ಹಾಗೆ. ಯೋಚನೆ ಸರಿಯಾಗಿತ್ತು, ಶೈತ್ಯ ಇರಲಿಲ್ಲ.

ಶೈತ್ಯ ಬಂದುದು ಯಾರೂ ನಿರೀಕ್ಷಿಸದ ಕಡೆಯಿಂದ, ಬೆಳಕಿನಿಂದ. ಬೆಳಕು ಬಿಸಿಮಾಡುತ್ತದೆಂಬುದು ಅಂಗಳದಲ್ಲಿ ಹಪ್ಪಳ ಒಣಹಾಕುವವರಿಗೆಲ್ಲ ಗೊತ್ತು. ಆದರೆ ಬೆಳಕು ನೂಕಲೂಬಲ್ಲದು. ಧೂಮಕೇತುವಿನ ಬಾಲ ಸೂರ್ಯನಿಗೆ ವಿಮುಖವಾಗಿಯೇ ಇರುವುದನ್ನು ಕಂಡು ಕೆಪ್ಲರನು ೧೬೧೯ರಷ್ಟು ಹಿಂದೆಯೇ, ಸೂರ್ಯಕಿರಣಗಳು ಅದನ್ನು ನೂಕುತ್ತಿರಬೇಕೆಂದು ಊಹಿಸಿದ್ದನು. ೧೯೩೩ರಲ್ಲಿ ಹ್ಯಾಂಬರ್ಗಿನಲ್ಲಿ ಆಟೊ ಫ್ರಿಶ್ ಎಂಬವರು ಸೋಡಿಯಂ ಪರಮಾಣುಗಳ ಧಾರೆಯನ್ನು ಸೋಡಿಯಂ ದೀಪದ ಬೆಳಕಿನಿಂದ ಕೂದಲೆಳೆಯಷ್ಟಲ್ಲದಿದ್ದರೂ ತುಸುವೇ ಬಾಗಿಸಿ ತೋರಿಸಿದರು. ಒಂದು ಬೆಳಕಿನ ಕಣ ತಾಕಿದರೆ ಸೋಡಿಯಂ ಪರಮಾಣುವಿನ ವೇಗ ಬದಲಾಗುವುದು ಸೆಕೆಂಡಿಗೆ ೩ ಸೆಂಟಿಮೀಟರು ಮಾತ್ರ. ಎಳ್ಳು ಎಸೆದು ಎತ್ತಿನ ಗಾಡಿಯನ್ನು ನಿಲ್ಲಿಸಿದಂತೆ! ಆದರೆ ಸಾವಿರಾರು ಎಳ್ಳುಗಳನ್ನು ಬಿಡುವಿಲ್ಲದೆ ಎಸೆಯಬಲ್ಲವರಿದ್ದರೆ ಗಾಡಿಯೂ ನಿಂತೀತು. ೧೯೬೦ರಲ್ಲಿ ಲೇಸರ್ ಎಂಬ ಬೆಳಕಿನ ಸಾಧನ ಹುಟ್ಟಿದ ಮೇಲೆ ಅಂಥ ಎಸೆತ ಸಾಧ್ಯವಾಯಿತು.

ಇನ್ನೊಂದು ಉಪಾಯವೂ ಬೇಕಾಗಿತ್ತು. ಎದುರು ಬರುವ ಪರಮಾಣುವಿಗೆ ಮಾತ್ರ ಪೆಟ್ಟು ಬೀಳಬೇಕು, ಹಿಂದೆ ಸರಿಯುವುದಕ್ಕೆ ಬೀಳಬಾರದು. ೧೯೭೫ರಲ್ಲಿ ಹೆನ್ಶ್ ಮತ್ತು ಷಾಲೊ ಎಂಬಿಬ್ಬರು ಇದಕ್ಕೆ ದಾರಿ ಹೇಳಿದರು. ರೇಡಿಯೋ ಇರುವ ನಿಮಗೆ ಅದು ಸುಲಭವಾಗಿ ಅರ್ಥವಾದೀತು. ನಿಲಯದ ಜಾಗಕ್ಕಿಂತ ಮುಳ್ಳು ತುಸು ಕೆಳಗಿದ್ದರೆ ದನಿ ಹಿಡಿಯುವುದಿಲ್ಲ. ಲೇಸರನ್ನು ಪರಮಾಣುವಿನ ಕಂಪನಕ್ಕಿಂತ ತುಸು ಕೆಳಗೆ ನಿಲ್ಲಿಸಿದರೆ ನಿಂತ ಪರಮಾಣು ಅದನ್ನು ಅಷ್ಟಾಗಿ ಹಿಡಿಯದು. ಎದುರು ಓಡಿಬರುವ ಪರಮಾಣುವಿಗೋ, ರೈಲಿನ ಸಿಳ್ಳಿನ ನ್ಯಾಯದಂತೆ, ಬೆಳಕಿನ ಶ್ರುತಿ ಏರಿ ಕಾಣುತ್ತದೆ; ಮುಳ್ಳು ಸರಿಯಾಗಿ ನಿಲಯದ ಮೇಲೆ ಕುಳಿತಂತಾಗಿ ಅದು ಬೆಳಕನ್ನು ನುಂಗುತ್ತದೆ, ಪೆಟ್ಟು ತಿನ್ನುತ್ತದೆ. ಮೇಲೆ ಕೆಳಗೆ, ಎಡ ಬಲ, ಹಿಂದೆ ಮುಂದೆ ಆರು ಕಡೆಯಿಂದಲೂ ಇಂಥ ಬೆಳಕನ್ನು ಬಿಟ್ಟರೆ ಪರಮಾಣು ಯಾವ ಕಡೆಗೆ ಓಡಿದರೂ ತಡೆ.

೧೯೮೫ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೀವನ್ ಚು ಮತ್ತು ಅವರ ಜೊತೆಗಾರರು ಇದನ್ನು ಮಾಡಿ ತೋರಿಸಿದರು. ಪರಮಾಣುಗಳು ಜೋನಿಬೆಲ್ಲದಲ್ಲಿ ಸಿಕ್ಕಿದ ಇರುವೆಗಳಂತೆ ತಡವರಿಸತೊಡಗಿದವು. ಸೆಕೆಂಡಿಗೆ ನೂರಾರು ಮೀಟರು ಓಡುತ್ತಿದ್ದವು ಅರ್ಧ ಮೀಟರಿಗೆ ಇಳಿದವು. ಶೂನ್ಯದಿಂದ ಅವುಗಳಿಗಿದ್ದ ದೂರ ಒಂದು ಡಿಗ್ರಿಯ ಹತ್ತುಸಾವಿರದಲ್ಲಿ ಎರಡೂವರೆ ಪಾಲು. ಸಿದ್ಧಾಂತ ಹೇಳಿದ್ದ ಕೊನೆಯೂ ಅದೇ. ಅದಕ್ಕಿಂತ ಕೆಳಗಿಳಿಯುವುದು ಈ ಉಪಾಯದಿಂದ ಆಗದು ಎಂದಿತ್ತು ಲೆಕ್ಕ. ಆದರೆ ೧೯೮೮ರಲ್ಲಿ ವಿಲಿಯಂ ಫಿಲಿಪ್ಸರ ತಂಡದವರು ಮತ್ತೆ ಜಾಗ್ರತೆಯಾಗಿ ಅಳೆದು ನೋಡಿದಾಗ ಪರಮಾಣುಗಳು ಸಿದ್ಧಾಂತದ ಮಿತಿಗಿಂತ ಐದಾರು ಪಟ್ಟು ತಣ್ಣಗಿದ್ದವು! ಪ್ರಯೋಗದಲ್ಲಿ ಎಣಿಸಿದ್ದಕ್ಕಿಂತ ಕೆಟ್ಟ ಫಲ ಬರುವುದು ವಾಡಿಕೆ. ಒಳ್ಳೆಯ ಫಲ ಬಂದರೆ ಅನುಮಾನ ಪಡಬೇಕಾಗುತ್ತದೆ. ಅವರು ಹಲವು ಬಗೆಯಲ್ಲಿ ಅಳೆದು ನೋಡಿದ ಮೇಲೆಯೇ ಹೊರಗೆ ಹೇಳಿದರು. ಪ್ಯಾರಿಸಿನ ಕೊಹೆನ್ ತನ್ನೂಜಿ ಮತ್ತು ಅವರ ಸಂಗಡಿಗರೂ, ಚು ಅವರೂ, ಇದರ ಕಾರಣವನ್ನು ಬಿಡಿಸಿದರು. ಈ ಮೂವರಿಗೆ ೧೯೯೭ರ ನೊಬೆಲ್ ಬಹುಮಾನ ಬಂದಿತು.

ಇನ್ನೂ ಕೆಳಗಿಳಿಯಲು ಉಳಿದ ದಾರಿ ನಮ್ಮ ಅಡಿಗೆಮನೆಯದೇ. ಬಿಸಿ ಕಾಫಿ ಆರುವುದು ಹೇಗೆ? ಹೆಚ್ಚು ಕಾವಿನ ಕಣಗಳು ಹಬೆಯಾಗಿ ಹೊರಟುಹೋಗಿ ಉಳಿದದ್ದು ತಣ್ಣಗಾಗುತ್ತದೆ. ಅಯಸ್ಕಾಂತದ ಬಟ್ಟಲಿನಲ್ಲಿ ಪರಮಾಣುಗಳನ್ನು ಹಿಡಿದಿಟ್ಟು, ಅದರ ಅಂಚನ್ನು ಮೆಲ್ಲಮೆಲ್ಲಗೆ ತಗ್ಗಿಸುತ್ತ ಬಂದರೆ ವೇಗದವು ಹಾರಿಹೋಗಿ ಶಾಂತವಾದವು ಉಳಿಯುತ್ತವೆ. ೧೯೯೫ರ ಜೂನ್ ೫ರಂದು ಕೊಲೊರಾಡೊ ಪ್ರಾಂತದ ಬೋಲ್ಡರ್ ಪಟ್ಟಣದಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ಹೀಗೆ ರುಬಿಡಿಯಂ ಪರಮಾಣುಗಳನ್ನು ಆರಿಸಿದರು. ಒಂದು ಡಿಗ್ರಿಯನ್ನು ಒಂದು ಕೋಟಿ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲೂ ಇಲ್ಲದಷ್ಟು ಶೈತ್ಯ! ನಕ್ಷತ್ರಗಳ ನಡುವಣ ಬಯಲಿನಲ್ಲಿ ಕೂಡ ಸುಮಾರು ಮೂರು ಡಿಗ್ರಿ ಶಾಖವುಂಟು. ಆ ಬಟ್ಟಲಿನ ನಡುವೆ ಸುಮಾರು ಎರಡು ಸಾವಿರ ಪರಮಾಣುಗಳು ಒಂದೇ ಸ್ಥಿತಿಗೆ ಇಳಿದು ಒಂದಾದವು. ಕೆಲವು ತಿಂಗಳಲ್ಲಿಯೇ ಮಸಾಚುಸೆಟ್ಸಿನಲ್ಲಿ ವುಲ್ಫ್‌ಗಾಂಗ್ ಕೆಟರ್ಲೆ ಸೋಡಿಯಂನಲ್ಲಿ ಇದನ್ನು ಸಾಧಿಸಿದರು. ಈ ಮೂವರಿಗೆ ೨೦೦೧ರ ನೊಬೆಲ್ ಬಹುಮಾನ. ಈ ಸ್ಥಿತಿಗೆ ಬೋಸ್-ಐನ್‌ಸ್ಟೈನ್ ಸಾಂದ್ರತೆ ಎಂದೇ ಹೆಸರು. ಢಾಕಾದಿಂದ ಹೊರಟ ಪತ್ರಕ್ಕೆ ಪ್ರಯೋಗಶಾಲೆಯಿಂದ ಉತ್ತರ ಬರಲು ೭೧ ವರ್ಷ ಹಿಡಿಯಿತು. ಅದನ್ನು ಓದಲು ಬೋಸರು ಇರಲಿಲ್ಲ. ಅವರು ೧೯೭೪ರಲ್ಲಿಯೇ ತೀರಿಕೊಂಡಿದ್ದರು.

ಪರಮಾಣು ನಿಂತಿತು. ಇನ್ನು ನಾಡಿಯನ್ನು ಎಣಿಸಬಹುದು. ಜಕರಾಯಸರ ಕಾರಂಜಿ ೧೯೮೯ರಲ್ಲಿ ಚು ಅವರ ಕೈಯಲ್ಲಿ ಮೊದಲ ಬಾರಿಗೆ ಚಿಮ್ಮಿತು. ಬಳಿಕ ಪ್ಯಾರಿಸಿನಲ್ಲಿಯೂ ಬೇರೆ ಕಡೆಗಳಲ್ಲಿಯೂ ಸೀಸಿಯಂ ಕಾರಂಜಿಗಳು ಎದ್ದವು. ನಮ್ಮ ದೆಹಲಿಯ ಪ್ರಯೋಗಶಾಲೆಯೂ ಒಂದನ್ನು ಕಟ್ಟಿತು. ಅದಕ್ಕೂ ನಯವಾದ ಗಡಿಯಾರಗಳು ಈಗ ಬಂದಿವೆ. ಅವುಗಳಲ್ಲಿ ಸ್ಟ್ರಾನ್ಷಿಯಂ ಪರಮಾಣುಗಳನ್ನು ಬೆಳಕಿನಿಂದಲೇ ಹೆಣೆದ ಗೂಡುಗಳಲ್ಲಿ ಕೂರಿಸಿ, ಸೆಕೆಂಡಿಗೆ ೪೨೯ ಲಕ್ಷ ಕೋಟಿ ಕಂಪನಗಳನ್ನು ಎಣಿಸುತ್ತಾರೆ. ವಿಶ್ವದ ವಯಸ್ಸು ಸುಮಾರು ೧,೩೮೦ ಕೋಟಿ ವರ್ಷ. ಅಷ್ಟು ಕಾಲ ಓಡಿದರೂ ಒಂದು ಸೆಕೆಂಡು ತಪ್ಪದಷ್ಟು ನಿಖರತೆಯನ್ನು ಇವು ಮುಟ್ಟಿವೆ. ಎತ್ತರದಲ್ಲಿರುವ ಗಡಿಯಾರ ತಗ್ಗಿನಲ್ಲಿರುವುದಕ್ಕಿಂತ ತುಸು ಬೇಗ ಓಡುತ್ತದೆಂದು ಐನ್‌ಸ್ಟೈನರು ಹೇಳಿದ್ದುಂಟಷ್ಟೆ. ೨೦೧೦ರಲ್ಲಿ ಬೋಲ್ಡರಿನವರು ಶೀತಲಗೊಳಿಸಿದ ಅಲ್ಯುಮಿನಿಯಂ ಅಯಾನುಗಳ ಎರಡು ಗಡಿಯಾರಗಳಲ್ಲಿ ಒಂದನ್ನು ೩೩ ಸೆಂಟಿಮೀಟರು ಮೇಲಕ್ಕೆತ್ತಿ ಆ ವ್ಯತ್ಯಾಸವನ್ನು ಕಂಡರು. ೨೦೨೨ರಲ್ಲಿ ಅದೇ ಊರಿನ ಇನ್ನೊಂದು ತಂಡ ಸ್ಟ್ರಾನ್ಷಿಯಂ ಪರಮಾಣುಗಳ ಒಂದೇ ಗುಂಪಿನೊಳಗೆ ಒಂದು ಮಿಲಿಮೀಟರಿನ ಏರಿಳಿತಕ್ಕೂ ಕಾಲದ ಭೇದವನ್ನು ಅಳೆಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪರಮಾಣುವನ್ನು ಯಾವುದನ್ನು ನೋಡಿ ತಿದ್ದುವುದು? ಇನ್ನೊಂದು ಜಾತಿಯ ಪರಮಾಣುವನ್ನು ನೋಡಿ. ಸೊಮರ್‌ಫೆಲ್ಡರ ಸಂಖ್ಯೆ ಬದಲಾದರೆ ಎಲ್ಲ ಪರಮಾಣುಗಳ ಕಂಪನವೂ ಬದಲಾಗಬೇಕು. ಆದರೆ ಸಮಸಮವಾಗಿ ಅಲ್ಲ. ಕೆಲವು ಹೆಚ್ಚು ಬಾಗುತ್ತವೆ, ಕೆಲವು ಕಡಿಮೆ. ಆದ್ದರಿಂದ ಎರಡು ಬಗೆಯ ಗಡಿಯಾರಗಳನ್ನು ಪಕ್ಕಪಕ್ಕದಲ್ಲಿಟ್ಟು ವರ್ಷಗಟ್ಟಲೆ ಕಾದರೆ ಒಂದು ಇನ್ನೊಂದರಿಂದ ಜಾರಬೇಕು. ೨೦೦೮ರಲ್ಲಿ ಬೋಲ್ಡರಿನಲ್ಲಿ ಅಲ್ಯುಮಿನಿಯಂ ಮತ್ತು ಪಾದರಸದ ಅಯಾನುಗಳನ್ನು ಹೀಗೆ ಜೋಡಿಸಿ ನೋಡಿದರು. ೨೦೨೧ರಲ್ಲಿ ಜರ್ಮನಿಯವರು ಇಟರ್ಬಿಯಂನಿಂದ ಇದನ್ನು ಇನ್ನೂ ಬಿಗಿಗೊಳಿಸಿದರು. ಒಂದರ ಮುಂದೆ ಹದಿನೆಂಟು ಸೊನ್ನೆಗಳನ್ನಿಟ್ಟರೆ ಬರುವ ಸಂಖ್ಯೆಯಲ್ಲಿ ಕೆಲವೇ ಪಾಲು. ಸ್ಥಿರಾಂಕ ವರ್ಷಕ್ಕೆ ಅದಕ್ಕಿಂತ ಹೆಚ್ಚು ಬದಲಾಗುತ್ತಿಲ್ಲ. ೧೯೬೭ರಲ್ಲಿ ಜಾರ್ಜ್ ಗ್ಯಾಮೊ ಎಂಬ ಪ್ರಸಿದ್ಧ ವಿಜ್ಞಾನಿ, ಬದಲಾಗುತ್ತಿರುವುದು ಗುರುತ್ವವಲ್ಲ, ವಿದ್ಯುತ್ತಿನ ಬಲವೇ ಇರಬಹುದು ಎಂದಿದ್ದರು. ಅವರ ಊಹೆಗೆ ಇಂದಿನ ಗಡಿಯಾರಗಳಲ್ಲಿ ಎಳ್ಳಷ್ಟೂ ಜಾಗವಿಲ್ಲ.

ಹಾಗಾದರೆ ಹುಡುಕಾಟ ಮುಗಿಯಿತೆ? ಇಲ್ಲ. ಏಕೆಂದರೆ ನಮ್ಮ ಭೌತವಿಜ್ಞಾನ ಅಪೂರ್ಣವೆಂಬುದಕ್ಕೆ ಆಕಾಶವೇ ಸಾಕ್ಷಿ. ೧೯೩೩ರಲ್ಲಿ ಫ್ರಿಟ್ಸ್ ಜ್ವಿಕಿ, ೧೯೭೦ರ ದಶಕದಲ್ಲಿ ವೀರಾ ರೂಬಿನ್ ಮತ್ತು ಅವರ ಜೊತೆಯವರು ಗೆಲಾಕ್ಸಿಗಳ ಚಲನೆಯನ್ನು ಅಳೆದಾಗ, ಕಾಣುವ ದ್ರವ್ಯದ ಸೆಳೆತ ಅದಕ್ಕೆ ಸಾಲದೆಂದು ತಿಳಿಯಿತು. ನಾವು ಬಲ್ಲ ದ್ರವ್ಯದ ಐದು ಪಟ್ಟಿಗೂ ಮೇಲೆ ಕಾಣದ ದ್ರವ್ಯವೊಂದು ವಿಶ್ವದಲ್ಲಿ ಹರಡಿದೆ ಎಂದು ಲೆಕ್ಕ. ಅದು ಏನು? ಯಾವ ಪುಸ್ತಕದಲ್ಲಿಯೂ ಉತ್ತರವಿಲ್ಲ. ಅದು ಅತ್ಯಂತ ಹಗುರವಾದ ಕಣಗಳ ಅಲೆಯಾಗಿದ್ದರೆ, ಆ ಅಲೆ ನಮ್ಮನ್ನು ಹಾದುಹೋಗುವಾಗ ಸ್ಥಿರಾಂಕಗಳು ತಾಳಬದ್ಧವಾಗಿ ಕೊಂಚ ಮಿಡಿಯಬೇಕು. ಆ ಮಿಡಿತವನ್ನು ಹಿಡಿಯಲು ಗಡಿಯಾರಗಳ ಜೋಡಿಗಳು ಕಿವಿಗೊಟ್ಟು ಕುಳಿತಿವೆ. ಇದುವರೆಗೆ ಏನೂ ಕೇಳಿಸಿಲ್ಲ.

ಇದೇ ಶೀತಲ ಪರಮಾಣುಗಳಿಂದ ಗೆಲಿಲಿಯೋನ ಹಳೆಯ ಪ್ರಶ್ನೆಯನ್ನೂ ಮತ್ತೆ ಕೇಳಿದ್ದಾರೆ. ಭಾರದ್ದೂ ಹಗುರದ್ದೂ ಒಂದೇ ವೇಗದಲ್ಲಿ ಬೀಳುತ್ತವೆಯೆ? ಐನ್‌ಸ್ಟೈನರ ಗುರುತ್ವ ಸಿದ್ಧಾಂತ ನಿಂತಿರುವುದೇ ‘ಹೌದು’ ಎಂಬ ಉತ್ತರದ ಮೇಲೆ. ೧೯೯೧ರಲ್ಲಿ ಕಸೆವಿಚ್ ಮತ್ತು ಚು, ಬೀಳುವ ಪರಮಾಣುವನ್ನು ಬೆಳಕಿನ ಪೆಟ್ಟಿನಿಂದ ಎರಡು ದಾರಿಗಳಲ್ಲಿ ಕಳುಹಿಸಿ, ಮತ್ತೆ ಕೂಡಿಸಿ, ಅಲೆಗಳ ಬೆರಕೆಯಿಂದ ಬೀಳುವಿಕೆಯನ್ನು ಅಳೆಯುವ ವಿಧಾನವನ್ನು ತೋರಿಸಿದರು. ೧೯೯೯ರಲ್ಲಿ ಚು ಅವರ ತಂಡ ಒಂಟಿ ಸೀಸಿಯಂ ಪರಮಾಣುವೂ ಗಾಜಿನ ತುಂಡೂ ಒಂದೇ ಬಗೆಯಲ್ಲಿ ಬೀಳುತ್ತವೆಂದು ನೂರು ಕೋಟಿಯಲ್ಲಿ ಕೆಲವೇ ಪಾಲಿನ ಮಟ್ಟಕ್ಕೆ ಸ್ಥಾಪಿಸಿತು. ೨೦೨೦ರಲ್ಲಿ ಸ್ಟಾನ್‌ಫರ್ಡಿನ ಹತ್ತು ಮೀಟರು ಎತ್ತರದ ಕೊಳವೆಯಲ್ಲಿ, ತೂಕದಲ್ಲಿ ತುಸು ಭೇದವಿರುವ ಎರಡು ಬಗೆಯ ರುಬಿಡಿಯಂ ಪರಮಾಣುಗಳನ್ನು ಒಟ್ಟಿಗೆ ಚಿಮ್ಮಿಸಿ ಬೀಳಗೊಟ್ಟರು. ಲಕ್ಷ ಕೋಟಿಯಲ್ಲಿ ಕೆಲವೇ ಪಾಲಿನವರೆಗೂ ಎರಡೂ ಒಂದೇ ಸಮ. ಗೆಲಿಲಿಯೋನ ಮಾತಿಗೆ ಚ್ಯುತಿ ಬರಲಿಲ್ಲ.

ಎಲ್ಲ ಕಡೆಯೂ ‘ಇಲ್ಲ, ಇಲ್ಲ’ ಎಂಬ ಉತ್ತರವನ್ನೇ ಕೇಳಿ ನಿಮಗೆ ಬೇಸರವಾಗಿದ್ದರೆ, ಈಗ ಒಂದು ಜಗಳದ ಸಂಗತಿಯನ್ನು ಹೇಳಬೇಕು. ಬೆಳಕಿನ ಕಣ ತಾಕಿದಾಗ ಪರಮಾಣು ಎಷ್ಟು ಹಿಮ್ಮೆಟ್ಟುತ್ತದೆಂಬುದನ್ನು ನಯವಾಗಿ ಅಳೆದರೆ ಸೊಮರ್‌ಫೆಲ್ಡರ ಸಂಖ್ಯೆಯನ್ನು ಲೆಕ್ಕಹಾಕಬಹುದು. ೨೦೧೮ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಸೀಸಿಯಂ ಪರಮಾಣುಗಳಿಂದ ಹೀಗೆ ಅಳೆದರು. ಒಂದನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬಂದುದು ೧೩೭.೦೩೫೯೯೯೦೪೬. ೨೦೨೦ರಲ್ಲಿ ಪ್ಯಾರಿಸಿನವರು ರುಬಿಡಿಯಂನಿಂದ ಅಳೆದರು. ಅವರಿಗೆ ಬಂದುದು ೧೩೭.೦೩೫೯೯೯೨೦೬. ಭೇದ ಕಾಣುವುದು ಏಳನೆಯ ದಶಮಾಂಶದಲ್ಲಿ. ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಇಷ್ಟಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎನ್ನಬಹುದು. ಆದರೆ ಇಬ್ಬರೂ ತಮ್ಮಲ್ಲಿ ಇರಬಹುದಾದ ತಪ್ಪನ್ನು ಲೆಕ್ಕಹಾಕಿಯೇ ಹೇಳಿದವರು. ಆ ತಪ್ಪುಗಳನ್ನೆಲ್ಲ ಕೂಡಿಸಿದರೆ ಬರುವುದರ ಐದು ಪಟ್ಟಿಗೂ ಮೇಲೆ ಇದೆ ಈ ಭೇದ. ಇಬ್ಬರೂ ಸರಿಯಾಗಿರಲಾರರು.

ಇದರ ಫಲ ದೊಡ್ಡದು. ಎಲೆಕ್ಟ್ರಾನು ಒಂದು ಪುಟ್ಟ ಅಯಸ್ಕಾಂತ. ಅದರ ಬಲವನ್ನು ಬೇರೊಂದು ಪ್ರಯೋಗದಲ್ಲಿ ಅತ್ಯಂತ ನಿಖರವಾಗಿ ಅಳೆದಿದ್ದಾರೆ, ಸಿದ್ಧಾಂತದಿಂದ ಲೆಕ್ಕಹಾಕಲೂಬಲ್ಲರು. ಆದರೆ ಲೆಕ್ಕಕ್ಕೆ ಈ ಸಂಖ್ಯೆ ಬೇಕು. ನಾವು ಇನ್ನೂ ಕಾಣದ ಕಣವೊಂದು ಇದ್ದರೆ ಅದು ಎಲೆಕ್ಟ್ರಾನಿನ ಅಯಸ್ಕಾಂತವನ್ನು ತುಸು ಬದಲಿಸಿ ತನ್ನ ಗುರುತು ಬಿಡುತ್ತದೆ. ಬರ್ಕ್ಲಿಯ ಸಂಖ್ಯೆಯನ್ನು ಹಾಕಿದರೆ ಅಳತೆ ಲೆಕ್ಕಕ್ಕಿಂತ ಒಂದು ಪಕ್ಕಕ್ಕೆ ಸರಿಯುತ್ತದೆ, ಪ್ಯಾರಿಸಿನದನ್ನು ಹಾಕಿದರೆ ಮತ್ತೊಂದು ಪಕ್ಕಕ್ಕೆ. ಹೊಸ ಕಣದ ಸುಳಿವೆಂದು ಸಂಭ್ರಮಿಸಲು ಈ ಜಗಳ ಬಿಡುವುದಿಲ್ಲ. ಏನೂ ಇಲ್ಲವೆಂದು ಕೈತೊಳೆದುಕೊಳ್ಳಲೂ ಬಿಡುವುದಿಲ್ಲ. ಒಂದು ಪ್ರಯೋಗದೊಳಗೆ ಎಲ್ಲಿಯೋ ಕನ್ನಡಿಯ ಕೊಂಕೋ ಬೆಳಕಿನ ಧಾರೆಯ ಏರುಪೇರೋ ಅಡಗಿರಬೇಕು. ಎರಡೂ ಕಡೆಯವರು ಒಬ್ಬರನ್ನೊಬ್ಬರು ಹಳಿಯದೆ ತಮ್ಮ ತಮ್ಮ ಉಪಕರಣವನ್ನೇ ಅನುಮಾನಿಸಿ ಮತ್ತೆ ಅಳೆಯುವ ಕೆಲಸಕ್ಕೆ ಕೈಹಾಕಿದ್ದಾರೆ. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಬೋಸರ ಪತ್ರದಷ್ಟೇ ಮೆಚ್ಚಿಗೆಯಾಗುವ ಸಂಗತಿ ಇದು.

ಹೊಸ ಕಣಗಳನ್ನು ಹುಡುಕಲು ಯೂರೋಪಿನ ಜಿನೀವಾದ ಬಳಿ ೨೭ ಕಿಲೋಮೀಟರು ಸುತ್ತಳತೆಯ ಯಂತ್ರವನ್ನು ನೆಲದಡಿಯಲ್ಲಿ ಕಟ್ಟಿದ್ದಾರೆ. ಅದು ಬಲದ ದಾರಿ. ನಾನು ಹೇಳಿದ್ದು ಶಾಂತಿಯ ದಾರಿ. ಇದಕ್ಕೆ ಬಹುಮಟ್ಟಿಗೆ ಒಂದು ಕೋಣೆ, ಒಂದು ದೊಡ್ಡ ಮೇಜು, ಕನ್ನಡಿಗಳು, ಲೇಸರುಗಳು, ಗಾಳಿ ತೆಗೆದ ಪಾತ್ರೆ ಸಾಕು. ೨೦೧೮ರಿಂದ ಭೂಮಿಯನ್ನು ಸುತ್ತುವ ಅಂತರಿಕ್ಷ ನಿಲಯದಲ್ಲಿಯೂ ಇಂಥ ಪ್ರಯೋಗಶಾಲೆ ನಡೆದಿದೆ. ಅಲ್ಲಿ ಪರಮಾಣು ನೆಲಕ್ಕೆ ಬೀಳುವ ಅವಸರವಿಲ್ಲದೆ ಹೆಚ್ಚು ಹೊತ್ತು ತೇಲುತ್ತದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಸರ್ ಸಿ. ವಿ. ರಾಮನ್ ಅವರು ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆಯಲ್ಲಿ ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣಿಸಿ ಪರೀಕ್ಷಿಸುವ ಪ್ರಯೋಗಶಾಲೆಗಳಿವೆ. ಹೊರಗೆ ರಸ್ತೆಯಲ್ಲಿ ಬಸ್ಸುಗಳು ಓಡುತ್ತಿರುವಾಗ, ಒಳಗೆ ಗಾಜಿನ ಕಿಟ್ಟಿಯೊಂದರ ನಡುವೆ ನಕ್ಷತ್ರಲೋಕಕ್ಕಿಂತ ತಣ್ಣಗಿನ ಚುಕ್ಕೆಯೊಂದು ಮಿನುಗುತ್ತಿರುತ್ತದೆ.

‘ಬದಲಾಗಿಲ್ಲ’ ಎಂಬ ಉತ್ತರಕ್ಕಾಗಿ ಇಷ್ಟು ಶ್ರಮವೇ ಎಂದು ಕೇಳುವವರುಂಟು. ೧೮೮೭ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಎಂಬಿಬ್ಬರು, ಬೆಳಕನ್ನು ಹೊತ್ತು ನಡೆಯುವ ಈಥರ್ ಎಂಬ ಮಾಧ್ಯಮದ ಗಾಳಿಯನ್ನು ಅಳೆಯಹೊರಟು ಬರಿಗೈಯಲ್ಲಿ ಬಂದರು. ಆಗಲೂ ಅದು ಸೋಲೆಂದೇ ತೋರಿತು. ಹದಿನೆಂಟು ವರ್ಷಗಳ ಬಳಿಕ ಬಂದ ಸಾಪೇಕ್ಷತಾವಾದದ ಬೆಳಕಿನಲ್ಲಿ ನೋಡಿದಾಗ ಆ ‘ಇಲ್ಲ’ವೇ ದೊಡ್ಡ ಉತ್ತರವಾಗಿತ್ತು. ಸರಿಯಾಗಿ ಅಳೆದು ಹೇಳಿದ ‘ಇಲ್ಲ’ ಒಂದು ಬಾಗಿಲನ್ನು ಮುಚ್ಚಿ, ಇನ್ನು ಯಾವ ಬಾಗಿಲುಗಳನ್ನು ತಟ್ಟಬೇಕೆಂಬುದನ್ನು ತಿಳಿಸುತ್ತದೆ. ತಪ್ಪಾಗಿ ಹೇಳಿದ ‘ಉಂಟು’ ಎಲ್ಲರನ್ನೂ ದಾರಿ ತಪ್ಪಿಸುತ್ತದೆ.

ಇನ್ನು ಮೇಲೆ ಸುದ್ದಿಗೆ ಮೊದಲು ಆ ನಾದ ಕೇಳಿ ಗಡಿಯಾರವನ್ನು ತಿದ್ದಿಕೊಳ್ಳುವಾಗ, ಮನೆಯ ಮಕ್ಕಳು ಪಕ್ಕದಲ್ಲಿದ್ದರೆ ಅವರಿಗೊಂದು ಮಾತು ಹೇಳಿ: ನಮ್ಮ ಗಡಿಯಾರವನ್ನು ತಿದ್ದುವ ಪರಮಾಣುವನ್ನೂ ಪರೀಕ್ಷೆಗೆ ಕೂರಿಸಿದ್ದಾರೆ. ಇದುವರೆಗೆ ಅದು ಎಲ್ಲದರಲ್ಲಿಯೂ ತೇರ್ಗಡೆಯಾಗಿದೆ. ಪರೀಕ್ಷೆ ಮಾತ್ರ ಇನ್ನೂ ಮುಗಿದಿಲ್ಲ.